ಮೂರನೆಯ ಕೆಂಪು ಗಂಟು

“ಅಮ್ಮಾ, ಬ್ಯಾಡ್ಜ್ ಅಜ್ಜಿ ಕಂಪ್ಯೂಟರಿಗೆ ಯಾಕೆ ಅಂಗಿ ಹಾಕಿದ್ದಾರೆ? ಅದಕ್ಕೆ ಚಳಿ ಆಗುತ್ತಾ?”

ಹಾಲು ತಂದು ಮೆಟ್ಟಿಲು ಹತ್ತುವಾಗ ಮಗಳು ಕೇಳಿದಳು. ಅಲ್ಲಿಯವರೆಗೆ ನಾನು ಅದನ್ನು ಮುಸುಕು ಎಂದುಕೊಂಡಿದ್ದೆ. ಬಗ್ಗಿ ನೋಡಿದರೆ ನಿಜಕ್ಕೂ ಅಂಗಿಯೇ. ನೀಲಿ ಹತ್ತಿ ಬಟ್ಟೆ, ಅಂಚಿಗೆ ಮಡಿಕೆ, ಪವರ್ ಬಟನ್ ಇರುವಲ್ಲಿ ಒಂದು ಕಾಜ, ಬೆನ್ನಿಗೆ ಫ್ಯಾನ್ ಉಸಿರಾಡಲೆಂದು ಬಲೆಬಟ್ಟೆಯ ಕಿಟಕಿ.

“ನೀನೇ ಕೇಳು ಹೋಗು” ಎಂದೆ. ಓಡಿಹೋಗಿ ಕೇಳಿದಳು.

“ಚಳಿ ಅಲ್ಲ ಕಣೇ, ಧೂಳು” ಎಂದರು ಅಜ್ಜಿ, ಸೂಜಿಯಿಂದ ಕಣ್ಣೆತ್ತದೆ. “ಈ ದಾರದ ಜುಂಗೆಲ್ಲ ಅದರ ಮೂಗಿಗೆ ಹೋಗುತ್ತೆ. ನಿನಗೆ ಸೀನು ಬರಲ್ವಾ? ಹಾಗೆ.”

ಒಳಗಿನಿಂದ ಅಜ್ಜನ ದನಿ ಬಂತು: “ನನಗೆ ಇವಳು ಒಂದು ಅಂಗಿ ಹೊಲಿದು ಕೊಟ್ಟು ಆರು ವರ್ಷ ಆಯ್ತು, ಪುಟ್ಟೀ. ಬರ್ಕೋ.”

ನಾವಿರುವುದು ಎರಡನೆಯ ಮಹಡಿಯಲ್ಲಿ. ಅಜ್ಜಿಯ ಅಂಗಡಿ ಕೆಳಗೆ, ಮೆಟ್ಟಿಲಿಗೆ ತಾಗಿಕೊಂಡ ಒಂದೂವರೆ ಕೋಣೆ. ಮುಂದಿನ ಕೋಣೆಯಲ್ಲಿ ಕಸೂತಿ ಯಂತ್ರ, ಅದರ ಮಗ್ಗುಲಲ್ಲಿ ಕಂಪ್ಯೂಟರು, ಗೋಡೆಯ ತುಂಬ ದಾರದ ರೀಲುಗಳು. ಹಿಂದಿನ ಅರ್ಧ ಕೋಣೆಯಲ್ಲಿ ಇಸ್ತ್ರಿ ಮೇಜು ಮತ್ತು ಅಜ್ಜ. ಅಜ್ಜ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಬ್ಯಾಡ್ಜುಗಳ ಅಂಚು ಕತ್ತರಿಸುತ್ತಾರೆ, ಉಳಿದ ಹೊತ್ತಿನಲ್ಲಿ ಹೆಂಡತಿಯ ಕಾಲೆಳೆಯುತ್ತಾರೆ.

ಶಾಲೆಗಳ ಸಮವಸ್ತ್ರಕ್ಕೆ ಹಾಕುವ ಲಾಂಛನ, ಆಸ್ಪತ್ರೆಯ ಸಿಬ್ಬಂದಿಯ ಹೆಸರುಪಟ್ಟಿ, ಬೇಕರಿಯವರ ಏಪ್ರನ್ನಿನ ಮೇಲಿನ ಗೋಧಿ ತೆನೆ, ಎರಡು ಫುಟ್‌ಬಾಲ್ ತಂಡಗಳ ಚಿಹ್ನೆ, ಎಲ್ಲ ಅಜ್ಜಿಯ ಕೈಯಿಂದಲೇ ಹೋಗಬೇಕು. ಇಪ್ಪತ್ತೈದು ವರ್ಷ ಕಸೂತಿಯನ್ನು ಕೈಯಲ್ಲೇ ಹಾಕುತ್ತಿದ್ದರಂತೆ. ಬೆರಳು ಬಗ್ಗುವುದು ಕಷ್ಟವಾದಾಗ, ನಲವತ್ತೆಂಟನೆಯ ವಯಸ್ಸಿನಲ್ಲಿ ಯಂತ್ರ ತಂದರು. ಅದರ ಜೊತೆಗೆ ಬಂದದ್ದು ಈ ಕಂಪ್ಯೂಟರು. ಹದಿಮೂರು ವರ್ಷದಿಂದ ಇದರ ಮುಂದೆ ಕೂತು ಒಂದೊಂದು ಹೊಲಿಗೆಯನ್ನೂ ಚುಕ್ಕಿ ಚುಕ್ಕಿಯಾಗಿ ಬಿಡಿಸಿದ್ದಾರೆ. ನಾನೂರ ಹನ್ನೆರಡು ಡಿಸೈನು.

ಅಜ್ಜಿಯ ಅಂಗಡಿಯಲ್ಲಿ ಪ್ರತಿ ಸಾಮಾನಿಗೂ ಒಂದು ಬಿಳಿ ಬಟ್ಟೆಯ ಪಟ್ಟಿ ಕಟ್ಟಿರುತ್ತದೆ. ಕತ್ತರಿಗೆ, ಇಸ್ತ್ರಿಪೆಟ್ಟಿಗೆಗೆ, ಮೇಜುದೀಪಕ್ಕೂ. ಕೆಲಸದ ನಡುವೆ ಅದು ಕೈಕೊಟ್ಟರೆ ಪಟ್ಟಿಗೆ ಕೆಂಪು ದಾರದ ಒಂದು ಗಂಟು. ಹೊಲಿಗೆ ಕಲಿಸಿದ ಗುರು ಹೇಳಿಕೊಟ್ಟ ಪದ್ಧತಿಯಂತೆ. ಮೊದಲನೆಯ ಸಲ ಬೈದು ಬಿಡಬೇಕು, ಎರಡನೆಯ ಸಲ ರಿಪೇರಿ ಮಾಡಿಸಬೇಕು, ಮೂರನೆಯ ಗಂಟು ಬಿದ್ದ ದಿನ ಮರುಮಾತಿಲ್ಲದೆ ಬದಲಿಸಬೇಕು. ಅಷ್ಟರವರೆಗೆ ಯಾರು ಏನೇ ಹೇಳಲಿ, ಹೊಸದು ಕೊಳ್ಳುವಂತಿಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಆಗ ಇದ್ದದ್ದು ಒಂದೇ ಗಂಟು.

“ನನ್ನ ಪಟ್ಟಿ ಎಲ್ಲಿ ಕಟ್ಟಿದ್ದಾಳೋ ಗೊತ್ತಿಲ್ಲ, ಅದಕ್ಕೇ ಇನ್ನೂ ಇಲ್ಲಿದ್ದೀನಿ” ಎನ್ನುತ್ತಾರೆ ಅಜ್ಜ.

ಈ ಸಲದ ಬೇಸಿಗೆ ರಜೆಯ ಮೊದಲ ವಾರ ಅಜ್ಜಿ ಮೇಲೆ ಬಂದರು. ಅವರು ಮೆಟ್ಟಿಲು ಹತ್ತುವುದೇ ಅಪರೂಪ. ಕುರ್ಚಿಯ ತುದಿಯಲ್ಲಿ ಕೂತು, “ನೋಡಮ್ಮಾ, ಆ ಕಂಪ್ಯೂಟರು ದಿನಾ ಬೆಳಿಗ್ಗೆ ನನಗೊಂದು ಪತ್ರ ತೋರಿಸುತ್ತೆ. ಇನ್ನು ಮೇಲೆ ನನ್ನನ್ನ ನೋಡ್ಕೊಳ್ಳೋರಿಲ್ಲ ಅಂತ” ಎಂದರು.

ವಿಷಯ ಇಷ್ಟು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಹಳತಾಗಿತ್ತು, ತಯಾರಿಸಿದವರು ಕೈಬಿಟ್ಟಿದ್ದರು. ಶಾಲೆಗಳೆಲ್ಲ ಈ ವರ್ಷ ಆರ್ಡರನ್ನು ತಮ್ಮ ವೆಬ್ ಪುಟದಲ್ಲೇ ಕೊಡುತ್ತಿದ್ದವು, ಆ ಪುಟ ಇದರಲ್ಲಿ ತೆರೆಯುತ್ತಲೇ ಇರಲಿಲ್ಲ. ಶಾಲೆ ಶುರುವಾಗಲು ಏಳು ವಾರ. ಕಂಪ್ಯೂಟರ್ ಅಂಗಡಿಯವನು, ಇದನ್ನು ಗುಜರಿಗೆ ಹಾಕಿ ಲ್ಯಾಪ್‌ಟಾಪ್ ತಗೊಳ್ಳಿ ಎಂದನಂತೆ.

“ನನ್ನ ಡಿಸೈನೆಲ್ಲ ಅದರಲ್ಲಿ ಬರುತ್ತೇನಪ್ಪಾ ಅಂದೆ. ಬರ್ಬೇಕು ಅಂದ. ಬರ್ಬೇಕು ಅಂದ್ರೇನು? ಬರುತ್ತೋ ಇಲ್ವೋ? ಈ ವರ್ಷ ಬ್ಯಾಡ್ಜು ಕೊಡ್ಲಿಲ್ಲ ಅಂದ್ರೆ ಶಾಲೆಯವರು ಪ್ರಿಂಟ್ ಹೊಡೆಯೋರ ಹತ್ರ ಹೋಗ್ತಾರೆ. ಹೋದೋರು ತಿರುಗಿ ಬರಲ್ಲ.”

ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಹೋದ ವರ್ಷ ಹಳೆಯ ಯಂತ್ರಗಳಿಗೆಲ್ಲ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆವು. ಆ ಧೈರ್ಯದಲ್ಲಿ, “ಲ್ಯಾಪ್‌ಟಾಪ್ ಈಗಲೇ ಬೇಡ ಅಜ್ಜೀ. ಪೆಟ್ಟಿಗೆ ಗಟ್ಟಿ ಇದೆ, ಒಳಗಿನ ಸಿಸ್ಟಮ್ ಬದಲಾಯಿಸಿ ನೋಡೋಣ. ಮೊದಲು ಎಲ್ಲಾ ಡಿಸೈನಿಗೂ ಬ್ಯಾಕಪ್ ತಗೊಳ್ಳಿ, ಕಂಪ್ಯೂಟರಿನಿಂದ ಹೊರಗೆ ಒಂದೊಂದು ಪ್ರತಿ ಇರಲಿ” ಎಂದು ಹೇಳಿ ಕಳಿಸಿದೆ.

ಆಮೇಲೆ ಮಗಳಿಗೆ ಜ್ವರ, ನನಗೆ ಜ್ವರ. ಮಲಗಿದ್ದಲ್ಲಿಗೆ ಕೆಳಗಿನಿಂದ ಕಸೂತಿ ಯಂತ್ರದ ಟಕಟಕ ಕೇಳುತ್ತಲೇ ಇತ್ತು. ಆರ್ಡರು ಬಂದಿರಬೇಕು ಎಂದುಕೊಂಡೆ. ಹನ್ನೊಂದನೆಯ ದಿನ ಕೆಳಗಿಳಿದರೆ ಇಸ್ತ್ರಿ ಮೇಜಿನ ಮೇಲೆ ಬಿಳಿ ಕ್ಯಾನ್‌ವಾಸಿನ ಒಂಬತ್ತು ಸುರುಳಿ.

“ತಗೋ, ಬ್ಯಾಕಪ್” ಎಂದರು ಅಜ್ಜಿ. “ನಾನೂರ ಹನ್ನೆರಡೂ ಇದೆ. ಒಂದೊಂದು ಪ್ರತಿ.”

ಒಂದು ಸುರುಳಿ ಬಿಚ್ಚಿದೆ. ಸಾಲಾಗಿ ಸಿಂಹ, ದೀಪ, ಪುಸ್ತಕ, ಗೋಧಿ ತೆನೆ, ಹಲ್ಲಿನ ಡಾಕ್ಟರ ಹಲ್ಲು. ಎಲ್ಲವನ್ನೂ ದಾರದಲ್ಲಿ ಹೊಲಿದಿದ್ದರು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಳು ವಾರದಲ್ಲಿ ಒಂದೂವರೆ ವಾರ ಹೋಗಿತ್ತು.

“ಅಜ್ಜೀ, ನಾನು ಹೇಳಿದ್ದು ಪೆನ್ ಡ್ರೈವಿಗೆ...”

“ಅದೂ ಕಂಪ್ಯೂಟರಿನ ಜಾತಿಯದ್ದೇ ತಾನೆ? ಇದು ಕೆಟ್ಟ ದಿನ ಅದೂ ಕೆಡಲ್ಲ ಅಂತ ಏನು ನಂಬಿಕೆ? ಬಟ್ಟೆ ಮೇಲೆ ಇದ್ರೆ ಇದೆ.”

ಅಜ್ಜ ಬಾಯಿಗೆ ಟವಲು ಒತ್ತಿಕೊಂಡು ನಗುತ್ತಿದ್ದರು. “ನಾನು ಹೇಳ್ದೆ ಕಣಮ್ಮಾ, ಆ ಹುಡುಗಿ ಹೇಳಿದ್ದು ಹೀಗಲ್ಲ ಅಂತ. ಮೂವತ್ತೊಂದು ವರ್ಷ ಬಸ್ ಓಡಿಸ್ದೋರು ಹೊಲಿಗೇಲಿ ನನಗೆ ದಾರಿ ತೋರಿಸ್ತೀರಾ ಅಂತ ನನಗೇ ಬೈದ್ಲು.”

“ಹಾಗಂತ ಎಲ್ಲಿ ಬೈದೆ? ಸುಮ್ನೆ ಅಂಚು ಕತ್ತರಿಸಿ ಅಂದೆ.”

ತಪ್ಪು ನನ್ನದೇ. ಮಗುವಿಗೆ ಹೇಳುವಾಗ ಬಿಡಿಸಿ ಬಿಡಿಸಿ ಹೇಳುವ ನಾನು ದೊಡ್ಡವರಿಗೆ ಅರ್ಧ ಹೇಳಿ ಬಂದಿದ್ದೆ. ಆ ದಿನವೇ ಕೂತು ಕಡತಗಳನ್ನೆಲ್ಲ ಎರಡು ಪೆನ್ ಡ್ರೈವಿಗೆ ಹಾಕಿದೆ. ಒಂದು ಅಜ್ಜಿಯ ಗುಂಡಿಗಳ ಡಬ್ಬಿಗೆ ಹೋಯಿತು, ಇನ್ನೊಂದು ನಮ್ಮ ಮನೆಗೆ. ಆಮೇಲೆ ಮೂರನೆಯ ಒಂದು ಪೆನ್ ಡ್ರೈವ್ ತೋರಿಸಿ, “ಹೊಸ ಸಿಸ್ಟಮ್ ಇದರಲ್ಲಿದೆ. ಚುಚ್ಚಿ ಇಟ್ಟಿರೋಷ್ಟು ಹೊತ್ತು ಕಂಪ್ಯೂಟರು ಇದರಿಂದ ನಡೆಯುತ್ತೆ. ತೆಗೆದರೆ ಹಳೇದು ಹೇಗಿತ್ತೋ ಹಾಗೇ ಇರುತ್ತೆ. ಒಂದು ವಾರ ಬಳಸಿ ನೋಡಿ” ಎಂದೆ.

ಅಜ್ಜಿಯ ಮುಖ ಅರಳಿತು. “ಕಚ್ಚಾ ಹೊಲಿಗೆ ಅನ್ನು! ಮೊದಲೇ ಹೇಳಬಾರದಾ? ನಾನೇನೋ ಎದೆ ಸೀಳೋ ಆಪರೇಷನ್ನು ಅಂದ್ಕೊಂಡು ಹೆದರಿ ಸತ್ತೆ.”

ಉದ್ದ ಉದ್ದ ಹೊಲಿಗೆ ಹಾಕಿ, ತೊಡಿಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಗಟ್ಟಿ ಹೊಲಿಗೆ, ಇಲ್ಲವಾದರೆ ಒಂದೇ ಎಳೆತಕ್ಕೆ ಬಿಚ್ಚುವುದು. ನಾನು ಅರ್ಧ ಗಂಟೆ ವಿವರಿಸಬೇಕೆಂದಿದ್ದನ್ನು ಅವರು ಒಂದೇ ಮಾತಿನಲ್ಲಿ ಹಿಡಿದುಬಿಟ್ಟಿದ್ದರು. ವಾರವಿಡೀ ಆರ್ಡರು ನೋಡಲು ಬಳಸಿದರು. ಶಾಲೆಗಳ ಪುಟ ತೆರೆಯಿತು, ಆರ್ಡರು ಬಂದವು. ಕಸದಬುಟ್ಟಿಯ ಚಿತ್ರ ಎಡಗಡೆಗೆ ಹೋಗಿದೆ ಎಂದು ಎರಡು ದಿನ ಗೊಣಗಿದರು. “ಅಡುಗೆಮನೇಲಿ ಉಪ್ಪಿನ ಡಬ್ಬಿ ಯಾರೋ ಎತ್ತಿಟ್ಟ ಹಾಗೆ ಆಗುತ್ತೆ ಕಣೆ.” ಅದನ್ನು ಬಲಗಡೆಗೆ ತಂದುಕೊಟ್ಟ ಮೇಲೆ ಸಮಾಧಾನವಾಯಿತು.

ಆ ವಾರ ನಾನು ಒಂದು ಕೆಲಸ ಮರೆತೆ. ಪುಟ ತೆರೆಯುತ್ತದೆ ಎಂಬ ಖುಷಿಯಲ್ಲಿ ಹೊಸ ಸಿಸ್ಟಮ್ಮಿನಲ್ಲಿ ಡಿಸೈನುಗಳನ್ನು ತೆರೆದು ನೋಡಲೇ ಇಲ್ಲ.

ಭಾನುವಾರ ಮಧ್ಯಾಹ್ನ ಕಂಪ್ಯೂಟರಿನ ಅಂಗಿ ಕಳಚಿ, ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆ. ಎಲ್ಲ ಸರಾಗ. ಹೊಸ ಕಸೂತಿ ಪ್ರೋಗ್ರಾಂ ಹಾಕಿ ಮೊದಲಿಗೆ ಮಗಳು ಸೇರಲಿರುವ ಶಾಲೆಯ ಲಾಂಛನ ತೆರೆದೆ. ನೀಲಿ ಅಲೆಯ ಮೇಲೆ ಹಳದಿ ಸಿಂಹ ನಿಂತಿರಬೇಕಿತ್ತು. ಬಂದದ್ದು ಕಿತ್ತಳೆ ಅಲೆ, ನೇರಳೆ ಸಿಂಹ.

ಇನ್ನೊಂದು ತೆರೆದೆ. ಗುಲಾಬಿ ದೀಪ, ಹಸಿರು ಜ್ವಾಲೆ. ಮತ್ತೊಂದರಲ್ಲಿ ಹಲ್ಲು ಕಪ್ಪಗಿತ್ತು.

ಕಡತದ ವಿವರ ತೆರೆದು ನೋಡಿದೆ. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ನಿಂತು ದಾರ ಬದಲಿಸಬೇಕು ಎಂಬುದಷ್ಟೇ ಆ ಕಡತಗಳಲ್ಲಿತ್ತು. ಯಾವ ಬಣ್ಣದ ದಾರ ಎಂಬುದನ್ನು ಹಳೆಯ ಪ್ರೋಗ್ರಾಂ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು. ಅದನ್ನು ನಾನು ಆಗಷ್ಟೇ ಅಳಿಸಿ ಕೂತಿದ್ದೆ.

“ನನಗೆ ನೇರಳೆ ಸಿಂಹಾನೇ ಬೇಕು!” ಎಂದು ಮಗಳು ಕುಣಿದಳು. ಅಜ್ಜನೂ ತಮಾಷೆ ಮಾಡಲಿಲ್ಲ. ಅಜ್ಜಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪರದೆಯನ್ನು ನೋಡುತ್ತಿದ್ದರು. “ಹತ್ತೊಂಬತ್ತು ಶಾಲೆ” ಎಂದರು ಮೆಲ್ಲಗೆ. “ನೀಲೀಲೇ ಏಳು ನೀಲಿ ಇದೆ ನನ್ನ ಹತ್ರ. ಯಾವ ಶಾಲೆಗೆ ಯಾವ ನೀಲಿ ಅಂತ ನನಗೆ ಈಗ ಬಾಯಲ್ಲಿ ಬರಲ್ಲ.”

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಎದ್ದರು. ಇಸ್ತ್ರಿ ಮೇಜಿನ ಕೆಳಗೆ ಬಗ್ಗಿ ಒಂದು ಸುರುಳಿ ಎಳೆದು ಕಿಟಕಿಯ ಹತ್ತಿರ ಬಿಚ್ಚಿದರು. ಹಳದಿ ಸಿಂಹ. ನೀಲಿ ಅಲೆ. ಗೋಡೆಯಿಂದ ನಾಲ್ಕು ನೀಲಿ ರೀಲು ತಂದು ಅಲೆಯ ಪಕ್ಕ ಇಟ್ಟು, ಹಗಲ ಬೆಳಕಿಗೆ ಓರೆ ಮಾಡಿ ನೋಡಿ, ಮೂರನ್ನು ಬದಿಗೆ ಸರಿಸಿ, ಉಳಿದ ರೀಲಿನ ಮೇಲಿನ ಸಂಖ್ಯೆ ಓದಿದರು.

“ಬರ್ಕೋ. ನೀಲಿ, ಇನ್ನೂರ ಹದಿನಾಲ್ಕು.”

ಅಜ್ಜ ಟವಲನ್ನು ಹೆಗಲಿಗೆ ಹಾಕಿಕೊಂಡು ದೊಡ್ಡದಾಗಿ ಉಸಿರು ಬಿಟ್ಟರು. “ನಾನು ಅವತ್ತು ನಕ್ಕಿದ್ದನ್ನ ಯಾರೂ ಮನಸ್ಸಿಗೆ ಹಚ್ಕೋಬೇಡಿ.”

“ಹಚ್ಕೊಂಡಿದ್ದೀನಿ. ಆ ಮೇಲಿನ ರೀಲು ಇಳಿಸಿ, ಹಳದೀದು.”

ಐದು ಮಧ್ಯಾಹ್ನ ಹಾಗೆ ಕೂತೆವು. ದೀಪದ ಬೆಳಕಿನಲ್ಲಿ ಅಜ್ಜಿ ಬಣ್ಣ ನೋಡುವುದಿಲ್ಲ, ಹಾಗಾಗಿ ಬಿಸಿಲು ಇಳಿಯುತ್ತಲೇ ಕೆಲಸ ಬಂದ್. ಅಜ್ಜ ರೀಲು ಇಳಿಸಿ ಕೊಡುವುದು, ಅಜ್ಜಿ ಬಟ್ಟೆಗೆ ಹಿಡಿದು ಸಂಖ್ಯೆ ಹೇಳುವುದು, ನಾನು ಹೊಸ ಪ್ರೋಗ್ರಾಂಗೆ ತುಂಬುವುದು, ಮಗಳು ಸುರುಳಿಯ ಇನ್ನೊಂದು ತುದಿ ಹಿಡಿದುಕೊಳ್ಳುವುದು. ಮೊದಲು ಹತ್ತೊಂಬತ್ತು ಶಾಲೆ, ಆಮೇಲೆ ಆಸ್ಪತ್ರೆ, ಬೇಕರಿ, ಉಳಿದವು. ನಡುವೆ ಒಂದು ದಿನ ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟು ವಾಸನೆ ಬಂತು. ಅದನ್ನು ಬದಲಿಸಿಕೊಂಡು ಬಂದೆವು. ಅಜ್ಜಿ ಪಟ್ಟಿಗೆ ಎರಡನೆಯ ಗಂಟು ಹಾಕಿದ್ದನ್ನು ನನ್ನ ಕಣ್ಣಾರೆ ನೋಡಿದೆ.

ಶಾಲೆ ಶುರುವಾಗುವ ನಾಲ್ಕು ದಿನ ಮೊದಲೇ ಕೊನೆಯ ಬ್ಯಾಡ್ಜು ಹೋಯಿತು. ಮಗಳ ಎದೆಯ ಮೇಲೆ ಹಳದಿ ಸಿಂಹ ಕೂತಿತು. ನೇರಳೆಯದೂ ಒಂದಿದೆ, ಅವಳ ದಿಂಬಿನ ಚೀಲದ ಮೇಲೆ. ಅಜ್ಜಿ ಅವಳಿಗೆಂದೇ ಹೊಲಿದದ್ದು.

ನಿನ್ನೆ ಸಂಜೆ ಶಾಲೆಯಿಂದ ಅವಳನ್ನು ಕರೆದುಕೊಂಡು ಬರುವಾಗ ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಮಾತು ನಡೆಯುತ್ತಿತ್ತು.

“ಈಗ ಕೆಲಸ ಕಡಿಮೆ. ಈಗಲೇ ತಗೊಂಡು ಕೈ ಪಳಗಿಸ್ಕೋ” ಎನ್ನುತ್ತಿದ್ದರು ಅಜ್ಜ. “ಹಾಸಿಗೇಲಿ ಕೂತೂ ಕೆಲಸ ಮಾಡಬಹುದಂತೆ.”

“ಹಾಸಿಗೇಲೂ ಕೆಲಸ ಮಾಡಿಸ್ತೀರಾ ನನ್ನ ಕೈಲಿ? ಮೂರನೇ ಗಂಟು ಬೀಳ್ಲಿ, ಆಮೇಲೆ ನೋಡೋಣ.”

ನಾನು ಅಭ್ಯಾಸಬಲದಿಂದ ಪಟ್ಟಿಯ ಕಡೆ ನೋಡಿದೆ. ಒಂದೇ ಗಂಟು ಇತ್ತು.

“ಅಜ್ಜೀ, ಎರಡು ಇರಬೇಕಿತ್ತಲ್ಲ?”

ಅಜ್ಜಿ ರೀಲುಗಳನ್ನು ಸರಿಪಡಿಸತೊಡಗಿದರು. ಮೊದಲೇ ಸರಿಯಾಗಿದ್ದ ರೀಲುಗಳು.

“ಕತ್ತರೀನ ಕೇಳು” ಎಂದರು ಅಜ್ಜ. “ನಾಲ್ಕು ವರ್ಷದಿಂದ ನೋಡ್ತಾ ಇದ್ದೀನಿ. ಎರಡು ಆಗೋದೇ ತಡ, ಒಂದು ಮಾಯ. ಇಸ್ತ್ರಿಪೆಟ್ಟಿಗೆಗೆ ಈ ಭಾಗ್ಯ ಇಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿಗೂ ನಗು ಬಂತು, ಸೆರಗಿನಿಂದ ಮುಚ್ಚಿಕೊಂಡರು. ಆಮೇಲೆ ಕಂಪ್ಯೂಟರಿನ ಅಂಗಿಯ ಕಾಜ ಸವರುತ್ತಾ ಹೇಳಿದರು:

“ನಲವತ್ತೆಂಟಕ್ಕೆ ಕಲಿಯೋಕೆ ಕೂತೆ ನೋಡು, ಎಲ್ರೂ ಬೈದೋರೇ. ತಪ್ಪು ಒತ್ತಿದೆ, ತಪ್ಪು ಒತ್ತಿದೆ ಅಂತ. ಇದೊಂದೇ ಬೈದೇ ಇದ್ದದ್ದು. ಎಷ್ಟು ಸಲ ತಪ್ಪಿದ್ರೂ ಅದೇ ಸಮಾಧಾನದಲ್ಲಿ ಮತ್ತೆ ಕೇಳೋದು, ಅಳಿಸ್ಲಾ ಬೇಡ್ವಾ ಅಂತ.”

ಅಜ್ಜಿ ಕೆಂಪು ರೀಲು ತೆಗೆದು, ಒಂದು ಎಳೆ ಹರಿದು, ಎರಡನೆಯ ಗಂಟನ್ನು ತಿರುಗಿ ಹಾಕಿದರು. ಬಿಗಿಯಾಗಿ, ಎರಡು ಸುತ್ತು. ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು.

“ನೀನು ದಿನಾ ಏನೋ ಬರೀತೀಯಂತಲ್ಲ, ಪುಟ್ಟಿ ಹೇಳಿದ್ಲು. ನನಗೊಂದು ಉಪಕಾರ ಮಾಡು ಮಗಳೇ. ಇವತ್ತಿಗೆ ಎರಡು ಅಂತ ಅದರಲ್ಲಿ ಬರೆದಿಡು. ಮೂರನೇದು ಬಿದ್ದ ದಿನ ನೀನೇ ಬಂದು ನನ್ನ ಕೈ ಹಿಡ್ಕೊಂಡು ಲ್ಯಾಪ್‌ಟಾಪ್ ಅಂಗಡಿಗೆ ಕರ್ಕೊಂಡು ಹೋಗು. ಲೆಕ್ಕ ನನ್ನ ಹತ್ರ ಬೇಡ, ನನ್ನ ಕೈಲಿ ಯಾವಾಗಲೂ ಕತ್ತರಿ ಇರುತ್ತೆ.”