ಅರ್ಧ ಹೃದಯ ಬಿಟ್ಟಿ

ಗೋಡೆಯ ಮೇಲೆ, ಎರಡಾಳು ಅಗಲಕ್ಕೆ, ನಾನು ಹಿಂದಿನ ದಿನ ಹುಡುಕಿದ್ದು ಬೆಳಗುತ್ತಿತ್ತು: ‘ಬೋಳುತಲೆಯಲ್ಲಿ ಮತ್ತೆ ಕೂದಲು ಬೆಳೆಸುವುದು ಹೇಗೆ’. ಏಳನೇ ತರಗತಿ ಅದನ್ನು ಒಕ್ಕೊರಲಿನಿಂದ ಓದಿತು. ಓದಲು ಬರುವುದಿಲ್ಲವೆಂದು ಭಾವ ಮನೆಯಲ್ಲಿ ದಿನಾ ಗೋಳಾಡುವ ಹಿಂದಿನ ಬೆಂಚಿನವರೂ ಒಂದಕ್ಷರ ತಪ್ಪಲಿಲ್ಲ. ಓದಿ ಮುಗಿಸಿ ಎಲ್ಲರೂ ಒಟ್ಟಿಗೆ ತಿರುಗಿ ನನ್ನ ತಲೆ ನೋಡಿದರು. ನಗದೆ ಕೂತವರು ಒಬ್ಬರೇ, ತಪಾಸಣೆಗೆ ಬಂದಿದ್ದ ಅಧಿಕಾರಿ. ಅವರ ತಲೆಯೂ ನನ್ನ ಹಾದಿಯಲ್ಲೇ ಹೊರಟು ನನಗಿಂತ ಬಹಳ ಮುಂದೆ ಹೋಗಿತ್ತು.

“ಅದು ಪಾಠ ಅಲ್ಲ ಕಣ್ರೋ, ಅದು ನನ್ನ ಬಾಮೈದ,” ಅಂದರು ಭಾವ.

ನನ್ನ ಲ್ಯಾಪ್‌ಟಾಪ್ ಆ ಕೋಣೆಗೆ ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಭಾವನ ವಿಷಯ ಹೇಳಲೇಬೇಕು. ನೆನೆಸಿಕೊಂಡರೆ ರಕ್ತದೊತ್ತಡ ಏರುತ್ತದೆ, ಇರಲಿ.

ಭಾವ ಅಂದರೆ ನನ್ನಕ್ಕನ ಗಂಡ, ವಿಜ್ಞಾನದ ಮೇಷ್ಟ್ರು. ಶಾಲೆಯ ಹಿಂಭಾಗದಲ್ಲಿ ಕಾಲು ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಒಂದು ಕೋಣೆಯಿತ್ತು. ಭಾನುವಾರಗಳಂದು ಅದನ್ನು ಗುಡಿಸಿ, ಗೋಡೆಗೆ ತಾವೇ ಸುಣ್ಣ ಬಳಿದು, ಅಕ್ಕನ ಎರಡು ಒಳ್ಳೆಯ ಹೊದಿಕೆಗಳನ್ನು ಕಿಟಕಿಗೆ ಪರದೆ ಮಾಡಿದರು. ಯಾವುದೋ ಕಚೇರಿಯವರು ಎಸೆಯಲಿದ್ದ ಪ್ರೊಜೆಕ್ಟರ್ ತಂದಿಟ್ಟರು. ಅದು ಹೊತ್ತಿಕೊಂಡರೆ ಪಕ್ಕದಲ್ಲೇ ಯಾರೋ ಮಿಕ್ಸಿ ತಿರುಗಿಸಿದ ಹಾಗೆ ಸದ್ದು. ಇಷ್ಟೆಲ್ಲ ಆದಮೇಲೆ ಗೋಡೆಯ ಮೇಲೆ ತೋರಿಸಲು ಏನಾದರೂ ಬೇಕಲ್ಲ? ಮುಖ್ಯೋಪಾಧ್ಯಾಯಿನಿಯನ್ನು ಕೇಳಿದರು. “ಬೋರ್ಡಿದೆ, ಸೀಮೆಸುಣ್ಣ ಇದೆ. ಇನ್ನೇನು ಬೇಕು ಮೇಷ್ಟ್ರೇ?” ಅಂದರು ಆ ಮಹಾತಾಯಿ.

ಅಲ್ಲಿಂದ ಭಾವ ಅಂತರ್ಜಾಲದಲ್ಲಿ ಬಿಟ್ಟಿ ಸಿಗುವುದರ ಬೆನ್ನು ಹತ್ತಿದರು. ರಸಪ್ರಶ್ನೆ ಆಡಿಸುವುದು, ಚಿತ್ರ ಕುಣಿಸುವುದು, ಹಾಜರಿ ಹಾಕಿದರೆ ಚಪ್ಪಾಳೆ ತಟ್ಟುವುದು, ಏನೇನೋ. ಎಲ್ಲದಕ್ಕಿಂತ ಅವರ ಮನಸ್ಸು ಸೂರೆಗೊಂಡಿದ್ದು ಒಂದು ಹೃದಯ. ಗೋಡೆಯ ಮೇಲೆ ಲಬ್‌ಡಬ್ ಎಂದು ಬಡಿದುಕೊಳ್ಳುತ್ತದೆ, ತಿರುಗಿಸಿದರೆ ತಿರುಗುತ್ತದೆ, ಬಿಡಿಸಿದರೆ ಕಿತ್ತಳೆಯ ಹಾಗೆ ಬಿಡಿಸಿಕೊಳ್ಳುತ್ತದೆ. ಆದರೆ ಎರಡು ವಾರ ಮಾತ್ರ ಬಿಟ್ಟಿ. ಆಮೇಲೆ ಎಡಭಾಗ ಬಿಟ್ಟಿ, ಬಲಭಾಗಕ್ಕೆ ಬೀಗ.

ಬೀಗ ಬಿದ್ದಾಗಲೆಲ್ಲ ಹೊಸ ಇಮೇಲ್ ಕೊಟ್ಟರೆ ಹೊಸ ಎರಡು ವಾರ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆಯನ್ನು ನಾನು ತಮಾಷೆ ಎಂದುಕೊಂಡಿದ್ದೆ. ಭಾವ ಅದನ್ನು ಕಾರ್ಯಕ್ರಮವನ್ನಾಗಿ ಮಾಡಿಕೊಂಡರು. ಮೊದಲು ಅಕ್ಕನ ಇಮೇಲ್ ಹೋಯಿತು. ಆಮೇಲೆ ನಮ್ಮಮ್ಮನದು, ದೊಡ್ಡಪ್ಪನದು, ಚಿಕ್ಕಮ್ಮನದು, ನನ್ನ ಹೆಂಡತಿಯದು. “ಅತ್ತೇ, ಫೋನಿಗೆ ಒಂದು ನಂಬರ್ ಬಂದಿರತ್ತೆ, ಸ್ವಲ್ಪ ಓದಿ ಹೇಳ್ತೀರಾ?” ಇಷ್ಟೇ. ನಮ್ಮಮ್ಮ ಅಳಿಯ ಕೇಳಿದ ಅಂತ ಹಿಗ್ಗಿ ಓದಿ ಹೇಳಿದರು.

ವಾರ ಕಳೆದ ಮೇಲೆ ನನಗೆ ಫೋನು.

“ಲೋ, ನಾನು ಯಾವಾಗ ಏಳನೇ ಕ್ಲಾಸಿಗೆ ಪಾಠ ಮಾಡ್ದೆ?”

“ಯಾಕಮ್ಮಾ?”

“‘ನಿಮ್ಮ ವಿದ್ಯಾರ್ಥಿಗಳು ನಿಮಗಾಗಿ ಕಾಯ್ತಿದ್ದಾರೆ’ ಅಂತ ಬಂದಿದೆ ಕಣೋ. ಪಾಪ, ಮಕ್ಕಳು. ಒಂದ್ಸಲ ಹೋಗಿ ಬರ್ಲಾ?”

ದೊಡ್ಡಪ್ಪನದು ಇನ್ನೂ ಕಷ್ಟ. ಅವರಿಗೆ ವಯಸ್ಸಾಗಿದೆ, ಎದೆಯಲ್ಲಿ ಸಣ್ಣ ತೊಂದರೆಯೂ ಇದೆ. ಬಡಿಯುವ ಹೃದಯದ ಚಿತ್ರದ ಕೆಳಗೆ ‘ನಿಮ್ಮ ಅವಧಿ ಮೂರು ದಿನಗಳಲ್ಲಿ ಮುಗಿಯಲಿದೆ’ ಎಂದು ಬಂದದ್ದನ್ನು ಓದಿ ಸೀದಾ ಡಾಕ್ಟರ ಹತ್ತಿರ ಓಡಿದರು.

ಅಕ್ಕ ರೇಗಿದಳು. “ಮದುವೆಯಾದ ಹೊಸದರಲ್ಲಿ ನಮ್ಮ ಕಡೆಯವರು ಬಂದ್ರೆ ಮುಖ ಗಂಟು ಹಾಕ್ಕೊಳ್ತಿದ್ರಿ. ಈಗ ಇಮೇಲ್ ಇರೋರೆಲ್ಲ ಬೇಕು! ನಿಮ್ಮ ಕಡೆಯವರದ್ದು ಯಾಕೆ ಕೇಳಲ್ಲ?”

“ಅವರು ಬೈತಾರೆ,” ಅಂದರು ಭಾವ, ಬಟ್ಟೆ ಮಡಿಸುತ್ತಾ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯವರು ಕೋಣೆ ವಾಪಸ್ ಕೇಳಿದರು. ಬೆಂಚುಗಳು ಹೊರಗೆ ನೆನೆಯುತ್ತಿವೆ, ಸಿನಿಮಾ ತೋರಿಸಲು ಇದೇನು ಥಿಯೇಟರಾ ಎಂದು. ಕೊನೆಗೆ ತಪಾಸಣಾಧಿಕಾರಿ ಬಂದು ಒಂದು ಪಾಠ ನೋಡುವುದು, ಅವರು ಹೇಳಿದ ಹಾಗೆ ಮಾಡುವುದು ಎಂದಾಯಿತು. ಭಾವನಿಗೆ ಊಟ ಸೇರದಾಯಿತು. ಪಾಠವನ್ನು ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಹೇಳಿ ಅಭ್ಯಾಸ ಮಾಡಿದರು. ಉಳಿದಿದ್ದವನು ನಾನೊಬ್ಬ. ನನ್ನ ಇಮೇಲ್ ಕೊಟ್ಟೆ. “ಅವರ ಮಿಷಿನ್ನಿಗೆ ನನ್ನ ಲ್ಯಾಪ್‌ಟಾಪಿನ ಪರಿಚಯ ಆಗ್ಬಿಟ್ಟಿದೆ, ನಿನ್ನದನ್ನ ತಗೊಂಡು ಬಾ,” ಅಂದರು. ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ಹೋದೆ. ಮುಂದಿನದು ಗೊತ್ತೇ ಇದೆಯಲ್ಲ, ಗೋಡೆಯೇ ಓದಿ ಹೇಳಿತು.

ನಗು ತಣ್ಣಗಾಯಿತು. ಭಾವ ಹೃದಯ ತೆರೆದರು. ಅದು ಬಡಿಯತೊಡಗಿತು. ಪಕ್ಕದಲ್ಲೇ ಒಂದು ಕೂದಲೆಣ್ಣೆಯ ಜಾಹೀರಾತೂ ಬಂತು, ನನ್ನನ್ನೇ ಹುಡುಕಿಕೊಂಡು. ಇನ್ನೇನು ಪಾಠ ಶುರು ಅನ್ನುವಾಗ ಹೃದಯ ಗಪ್ಪನೆ ನಿಂತು, ಬಣ್ಣದ ಕಾಗದದ ಚೂರುಗಳು ಗೋಡೆಯ ತುಂಬ ಸುರಿದವು. ‘ಅಭಿನಂದನೆಗಳು! ನಿಮ್ಮ ಶಾಲೆಯ ಇಷ್ಟೊಂದು ಶಿಕ್ಷಕರು ನಮ್ಮೊಂದಿಗಿದ್ದಾರೆ! ಇನ್ನು ಇಡೀ ಶಾಲೆಗೆ ಒಟ್ಟಿಗೇ ಕೊಳ್ಳಿ!’ ಕೆಳಗೆ ಸಾಲಾಗಿ ಫೋಟೋ: ನಮ್ಮಮ್ಮ, ಕಪ್ಪು ಕನ್ನಡಕದ ದೊಡ್ಡಪ್ಪ, ಚಿಕ್ಕಮ್ಮ, ನನ್ನ ಹೆಂಡತಿ, ಅಕ್ಕ. ಕೊನೆಯಲ್ಲಿ ನಾನು, ಹಳೆಯ ಫೋಟೋ, ಕೂದಲಿದ್ದಾಗಿನದು.

ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿ ಕನ್ನಡಕ ಸರಿಮಾಡಿಕೊಂಡರು. “ಇವರೆಲ್ಲ ನಮ್ಮ ಸ್ಕೂಲಲ್ಲಿ ಯಾವ ಸಬ್ಜೆಕ್ಟು ಮೇಷ್ಟ್ರೇ?”

“ಜೀವಶಾಸ್ತ್ರ ಮೇಡಂ.”

ಭಾವ ಆ ಸಾಲನ್ನು ಮುಚ್ಚಿದರು. ಹೃದಯ ಮತ್ತೆ ಬಂತು. ಆದರೆ ಅರ್ಧವೇ. ಇನ್ನರ್ಧದ ಜಾಗದಲ್ಲಿ ಬೂದು ಬಣ್ಣ, ನಡುವೆ ಒಂದು ದಪ್ಪ ಬೀಗ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಭಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದು ನನಗೆ ಮಾತ್ರ ಕಂಡಿತು. ಬೈಯಬೇಕೆಂದು ಬಾಯಿ ತುಂಬ ಇಟ್ಟುಕೊಂಡಿದ್ದ ಮಾತುಗಳೆಲ್ಲ ಅಲ್ಲೇ ಒಣಗಿದವು.

ಅವರು ಮೇಜಿನಿಂದ ನೀಲಿ ಸೀಮೆಸುಣ್ಣ ತೆಗೆದುಕೊಂಡು, ತಾವೇ ಬಳಿದಿದ್ದ ಬಿಳಿ ಗೋಡೆಯ ಮೇಲೆ, ಬೀಗದ ಮೇಲೆಯೇ, ಉಳಿದರ್ಧ ಹೃದಯ ಬರೆದರು.

“ಅಯ್ಯೋ, ಗೋಡೆ!” ಎಂದರು ಮುಖ್ಯೋಪಾಧ್ಯಾಯಿನಿ.

“ಬಾಗಿಲು ಅಂದ್ರೆ ಮೈ. ಕಿಟಕಿ ಅಂದ್ರೆ ಶ್ವಾಸಕೋಶ,” ಎಂದರು ಭಾವ ಮಕ್ಕಳಿಗೆ. “ನೀವೆಲ್ಲ ರಕ್ತ. ಬಾಗಿಲಿಂದ ಬನ್ನಿ, ನೀಲಿ ಕಡೆ ಮುಟ್ಟಿ, ಕಿಟಕಿಗೆ ಹೋಗಿ ಗಾಳಿ ತಗೊಳ್ಳಿ. ವಾಪಸ್ ಬಂದು ಕೆಂಪು ಕಡೆ ಮುಟ್ಟಿ ಹೊರಗೆ ಹೋಗಿ. ಹೂಂ, ನಡೀರಿ!”

ತರಗತಿ ಎದ್ದಿತು ನೋಡಿ. ಒಬ್ಬಳು ಕೈ ಚಾಚಿ ಕವಾಟವಾದಳು. “ಹಿಂದಕ್ಕೆ ಬರೋ ಹಾಗಿಲ್ಲ ಕಣೋ, ನಾನು ಮುಚ್ಚಿದ್ದೀನಿ!” ಇನ್ನೊಬ್ಬಳು ಬಾಗಿಲಿಗೆ ಬಂದು, “ಮೇಡಂ, ದಾರೀಲಿ ನಿಂತಿದ್ದೀರಾ, ರಕ್ತ ಹೋಗ್ಬೇಕು,” ಅಂದಳು. ಮುಖ್ಯೋಪಾಧ್ಯಾಯಿನಿ ಸರಿದು ನಿಂತರು. ನಾನು ಸರಿಯಲು ಹೋಗಿ ಸರಿಯಾಗಿ ನಡುಮಧ್ಯೆ ಸಿಕ್ಕಿಬಿದ್ದೆ.

“ಸಾರ್, ಕೂದ್ಲು ಮಾಮ ಅಡ್ಡ ಬಂದ್ರು!”

“ರಕ್ತ ಹೆಪ್ಪುಗಟ್ಟಿದ್ರೆ ಹೀಗೇ ಆಗೋದು,” ಎಂದರು ಭಾವ ನನ್ನನ್ನು ತೋರಿಸಿ. “ಸರಿಯಾಗಿ ನೋಡ್ಕೊಳ್ಳಿ.”

ಹೆಪ್ಪುಗಟ್ಟಿದ ನನ್ನನ್ನು ತರಗತಿಯೆಲ್ಲ ನೋಡಿಕೊಂಡಿತು.

ಮೂರು ಸುತ್ತು ಹರಿದಮೇಲೆ ಅಧಿಕಾರಿ ಹಿಂದಿನ ಬೆಂಚಿನವನೊಬ್ಬನನ್ನು ಹಿಡಿದು ಕೇಳಿದರು, “ಒಂದೇ ಗೂಡು ಸಾಕಾಗಿತ್ತಲ್ಲ, ಎರಡು ಕಡೆ ಯಾಕೆ?”

ಅವನು ಏದುಸಿರು ಬಿಡುತ್ತಾ, “ಗಾಳಿ ತಗೊಂಡಿರೋ ರಕ್ತಕ್ಕೆ ತಗೊಳ್ದಿರೋದು ಕಲಸಿಹೋಗ್ಬಾರ್ದಲ್ಲ ಸಾರ್,” ಎಂದು ಮತ್ತೆ ಸಾಲಿಗೆ ಓಡಿದ.

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. “ಬೆಂಚಿಗೆ ಬೇರೆ ಜಾಗ ನೋಡಿ ಮೇಡಂ,” ಎಂದರು. ಮುಖ್ಯೋಪಾಧ್ಯಾಯಿನಿ ನೀಲಿ ಗೋಡೆಯನ್ನೂ ಭಾವನನ್ನೂ ಸರದಿಯಲ್ಲಿ ನೋಡಿ ಉಸಿರು ಬಿಟ್ಟರು. ಅಧಿಕಾರಿ ಪರದೆ ಮುಟ್ಟಿ ನೋಡಿದರು, ಪ್ರೊಜೆಕ್ಟರಿನ ಗುರ್ ಕೇಳಿದರು, ಗೋಡೆಯ ಅರ್ಧ ಬೆಳಕು ಅರ್ಧ ಸೀಮೆಸುಣ್ಣದ ಹೃದಯದ ಮುಂದೆ ನಿಂತರು.

“ಎಲ್ಲಾ ಚೆನ್ನಾಗಿದೆ ಮೇಷ್ಟ್ರೇ. ಇಷ್ಟಕ್ಕೆಲ್ಲ ಏನು ಖರ್ಚು ಮಾಡಿದ್ರಿ?”

ಭಾವ ಕೈಗಂಟಿದ ನೀಲಿಯನ್ನು ಕೊಡವಿಕೊಂಡರು.

“ಹೆಂಡ್ತಿ ಕಡೆಯವರನ್ನ, ಸಾರ್. ಎಲ್ಲಾ ಮುಗಿದ್ರು.”