ಹಾವೂ ಸಾಯಬಾರದು, ಮೊಸರೂ ಚೆಲ್ಲಬಾರದು

ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಲಗ್ನಪತ್ರಿಕೆ, ಅಂಗಡಿ ಉದ್ಘಾಟನೆಯ ಕರಪತ್ರ, ತೀರಿಹೋದವರ ಬ್ಯಾನರು, ಎಲ್ಲವೂ ನನ್ನ ಕೆಂಪು ಪೆನ್ನು ದಾಟಿಯೇ ಊರಿಗೆ ಹೋಗಬೇಕು. ಸತ್ತವರಿಗೆ ‘ಹಾರ್ದಿಕ ಶ್ರದ್ಧಾಂಜಲಿ’ ಎಂದು ಬರೆದು ತಂದರೆ ನನಗೆ ಮೈ ಉರಿಯುತ್ತದೆ. ‘ಮನೆ ಗೆದ್ದು ಮಾರುಕಟ್ಟೆ ಗೆಲ್ಲು’ ಎಂದೇ ಹಾಕಿ ಎಂದು ಹಟ ಹಿಡಿದ ಕಿರಾಣಿ ಅಂಗಡಿಯವರ ಜೊತೆ ಅರ್ಧ ತಾಸು ಜಗಳವಾಡಿ ‘ಮಾರು ಗೆಲ್ಲು’ ಎಂದು ಅಚ್ಚು ಹಾಕಿಸಿದ್ದೇನೆ. ಅವತ್ತು ಊಟ ಬಹಳ ರುಚಿಸಿತು.

ಇಂಥವಳನ್ನು ದೇವರು ಲಕ್ಷ್ಮೇಶ್ವರದಿಂದ ಎತ್ತಿ ತಂದು ಬೆಟಗೇರಿಯಲ್ಲಿ ನನ್ನ ಅತ್ತೆಯ ಅಡುಗೆಮನೆಯಲ್ಲಿ ಕೂರಿಸಿದ. ಅತ್ತೆಗೆ ಗಾದೆಯಿಲ್ಲದೆ ರೊಟ್ಟಿ ಬಡಿಯಲು ಬರುವುದಿಲ್ಲ. ಆದರೆ ಒಂದು ಗಾದೆಯ ತಲೆಗೆ ಇನ್ನೊಂದರ ಬಾಲ ಕಟ್ಟುತ್ತಾರೆ. ಮಾವ ಚೌಕಾಬಾರದಲ್ಲಿ ಸೋತು ಬಂದರೆ, “ಜಟ್ಟಿ ಬಿದ್ದರ ಊರೆಲ್ಲಾ ಹಳದಿ.” ತಾವೇ ಓಣಿಯ ಜಗಳ ಬಗೆಹರಿಸಿ ಬಂದರೆ, “ಹಾವೂ ಸಾಯಬಾರದು, ಮೊಸರೂ ಚೆಲ್ಲಬಾರದು, ಹಂಗ ಮಾಡಿ ಬಂದೆ ನೋಡು.”

“ಕೋಲೂ ಮುರಿಯಬಾರದು ಅಂತ ಐತ್ರಿ ಅತ್ತಿ,” ಎನ್ನುತ್ತಿದ್ದೆ.

“ಹಾವು ಹೊಡಿಯಾಕ ಹೋದಾಕಿ ಕೈಯಾಗ ಮೊಸರಿನ ಗಡಿಗಿ ಇತ್ತಂದ್ರ ಏನ್ ಮಾಡ್ತಿ?” ಎಂದು ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನಾದಿನಿಯನ್ನು ನೋಡಲು ಮುಂಡರಗಿಯಿಂದ ಬೀಗರಾಗುವವರು ಬಂದ ದಿನ ನಾನು ಹದ್ದು ಮೀರಿದೆ. ಪಡಸಾಲೆಯಲ್ಲಿ ಮಾತು ಕಳೆಗಟ್ಟಿತ್ತು. ಅತ್ತೆ ಹುರುಪಿನಲ್ಲಿ, “ಅತ್ತಿಗೊಂದು ವರ್ಷ, ಸೊಸಿಗೊಂದು ನಿಮಿಷ ಅಂತಾರಲ್ರಿ,” ಎಂದರು. ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನು ತಡೆಯಲಾರದೆ, ಅದು ಹಾಗಲ್ಲ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಒಂದು ಗಾದೆ, ಕುಂಬಾರನಿಗೆ ವರ್ಷ ದೊಣ್ಣೆಗೆ ನಿಮಿಷ ಇನ್ನೊಂದು ಎಂದು ಬಿಡಿಸಿ ಹೇಳಿದೆ. ಬಂದವರು ನಕ್ಕರು. ಗಾದೆಗಲ್ಲ, ಅತ್ತೆಗೆ ನಕ್ಕರು. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಅಂದಿನಿಂದ ಮನೆಯಲ್ಲಿ ಒಂದೂ ಗಾದೆ ಕೇಳಲಿಲ್ಲ. ನನ್ನ ಜೊತೆ “ಹೂಂ” ಮತ್ತು “ಆತು” ಬಿಟ್ಟು ಬೇರೆ ಮಾತೇ ಇಲ್ಲ. ಲಗ್ನ ಗೊತ್ತಾಯಿತು, ಪತ್ರಿಕೆ ಅಚ್ಚಾಯಿತು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ ಇತ್ತು. ನಾನು ಬೇಡಿದ್ದೇ ಸಿಕ್ಕಿತ್ತು, ಆದರೆ ಊಟ ರುಚಿಸುತ್ತಿರಲಿಲ್ಲ.

“ಏನರ ಮಾತಾಡ್ರಿ ಅತ್ತಿ, ನನ್ನದು ತಪ್ಪಾತು,” ಎಂದೆ ಒಂದು ಸಂಜೆ.

“ನನಗ ಸರಿಯಾಗಿ ಮಾತಾಡಾಕ ಬರಂಗಿಲ್ಲ ಯವ್ವಾ,” ಎಂದರು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅದನ್ನು ಖರೆ ಎಂದು ನಂಬಿ ಹೇಳಿದ್ದರು.

ಲಗ್ನ ಮುಂಡರಗಿಯಲ್ಲಿ ಆಯಿತು. ಅಕ್ಷತೆ ಬಿದ್ದ ಮೇಲೆ ಮದುಮಗಳನ್ನು ಮನೆ ತುಂಬಿಸಲು ನಾವೆಲ್ಲ ಗಂಡಿನ ಮನೆಗೆ ಹೋದೆವು. ನಮ್ಮ ಕಡೆ ಅಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ದಾರಿ ಕಟ್ಟುತ್ತಾರೆ. ಒಡಪು, ಅಂದರೆ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ದಾರಿ. ಆ ದಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತವರು ಶಿರಹಟ್ಟಿಯಿಂದ ಬಂದಿದ್ದ ಮದುಮಗನ ಸೋದರತ್ತೆ. ಒಡಪಿನಲ್ಲಿ ಅವರನ್ನು ಸೋಲಿಸಿದವರು ಇಲ್ಲವಂತೆ.

ನಾದಿನಿ ನಾಚುತ್ತ ಹೇಳಿ ಒಳಗೆ ಹೋದಳು. ಅತ್ತೆ ಹಿಂದೆಯೇ ಕಾಲೆತ್ತಿದರು. ಶಿರಹಟ್ಟಿಯವರು ಕೈ ಅಡ್ಡ ಹಿಡಿದರು. “ಬೀಗತಿ, ನೀವೂ ಹೇಳ್ರಿ. ಹಂಗ ಬಿಡಂಗಿಲ್ಲ.”

ಅತ್ತೆಯ ಬಾಯಿ ತೆರೆಯಿತು, ಮುಚ್ಚಿತು. ತಿರುಗಿ ನನ್ನ ಮುಖ ನೋಡಿದರು. ಪರೀಕ್ಷೆಯಲ್ಲಿ ಮಾಸ್ತರರ ಮುಖ ನೋಡುವ ಹಾಗೆ, ನನ್ನನ್ನು ನೋಡಿದರು. “ಬೀಗತಿಗೆ ಬಾಯೇ ಇಲ್ಲಲ್ಲಬೇ!” ಎಂದು ಒಳಗಿನಿಂದ ಯಾರೋ ಅಂದರು, ನಗು ಎದ್ದಿತು. ಓಣಿಯನ್ನೆಲ್ಲ ಮಾತಿನಲ್ಲಿ ಆಳಿದ ಹೆಣ್ಣುಮಗಳು, ತನ್ನ ಮಗಳ ಹೊಸ ಮನೆಯ ಹೊಸ್ತಿಲಲ್ಲಿ ಮೂಕಿಯಾಗಿ ನಿಂತಿದ್ದರು. ಆ ಬಾಯಿಗೆ ಬೀಗ ಹಾಕಿದವಳು ನಾನು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

ಅತ್ತೆಯನ್ನು ಸರಿಸಿ ಮುಂದೆ ಹೋದೆ. “ಮೊದಲ ನಾ ಹೇಳತೇನಿ,” ಎಂದು ಗಂಟಲು ಏರಿಸಿದೆ.

“ಕೈ ಕೆಸರಾದರ ಕಣ್ಣಿಗೆ ನುಣ್ಣಗ, ದೂರದ ಗುಡ್ಡ ಬಾಯಿಗೆ ಮೊಸರು,
ಹೊಸ್ತಿಲದಾಗ ನಿಂತು ಕೂಗಿ ಹೇಳತೇನಿ ನನ್ನ ಗಂಡನ ಹೆಸರು!”

ಹೆಸರನ್ನೂ ಕೂಗಿದೆ. ಕರಡು ತಿದ್ದುವವಳೇ ಗಾದೆ ತಪ್ಪಿದಳಲ್ಲ ಎಂದು ನನ್ನ ಗಂಡ ಅಂಗಳದಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಆಗ ನನ್ನ ಬೆನ್ನ ಹಿಂದೆ ನಗು ಒಡೆಯಿತು. ಎಷ್ಟೋ ವಾರಗಳ ಮೇಲೆ ಕೇಳಿದ ನಗು.

“ಏ ಹುಚ್ಚಿ, ಹಂಗಲ್ಲಬೇ ಅದು! ಸರಿ ಅತ್ತಾಗ,” ಎಂದು ಅತ್ತೆ ನನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ಕಪ್ಪತಗುಡ್ಡಕ್ಕ ಗಾಳಿ ಚಂದ, ಹೊಳಿಗೆ ನೀರು ಚಂದ,
ಬಾಯಿಲ್ಲದ ಬೀಗತಿ ನಿಮಗ ಚಂದ, ಬಾಯಿದ್ದ ಸೊಸಿ ನನಗ ಚಂದ!”

ಕೊನೆಗೆ ಮಾವನ ಹೆಸರನ್ನು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ, ಚಪ್ಪಲಿ ಬಿಡುತ್ತಿದ್ದ ಮಾವ “ಏನಾತು?” ಎಂದು ಓಡಿ ಬಂದರು. ಶಿರಹಟ್ಟಿಯವರು ತಿರುಗಿ ಒಂದು ಹೇಳಿದರು. ಅತ್ತೆ ಎರಡು ಹೇಳಿದರು. ಅವರು ಇನ್ನೊಂದು ಹುಡುಕುವುದರೊಳಗೆ ಅತ್ತೆ ನಾಲ್ಕಕ್ಕೆ ಹೋಗಿದ್ದರು. ತಲೆ ಒಂದು ಗಾದೆಯದು, ಬಾಲ ಇನ್ನೊಂದರದು, ಎಲ್ಲ ಹೊಚ್ಚ ಹೊಸವು. ಬಾಗಿಲ ಹೆಂಗಸರು ನಕ್ಕು ನಕ್ಕು ಗೋಡೆಗೆ ಒರಗಿದರು. ಕೊನೆಗೆ ಶಿರಹಟ್ಟಿಯವರು ಕೈ ಮುಗಿದು, “ಸೋತೆ ಬೀಗತಿ, ಒಳಗ ಬರ್ರಿ,” ಎಂದರು. ಅತ್ತೆ ನನ್ನ ಕೈ ಹಿಡಿದುಕೊಂಡೇ ಹೊಸ್ತಿಲು ದಾಟಿದರು. ಮುದ್ರಣಾಲಯದಲ್ಲಿ ಗೆದ್ದ ಯಾವ ಜಗಳವೂ ನನಗೆ ಅಷ್ಟು ಸುಖ ಕೊಟ್ಟಿಲ್ಲ.

ಊಟಕ್ಕೆ ಕುಳಿತಾಗ ಶಿರಹಟ್ಟಿಯವರು ಬಂದು, ಆ ಗುಡ್ಡ ಮೊಸರಿನ ಒಡಪನ್ನು ಬರೆದುಕೊಳ್ಳಬೇಕು, ಇನ್ನೊಮ್ಮೆ ಹೇಳು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡ್ಡ ಬಂದರು. “ಆಕಿನ್ನ ಕೇಳಬ್ಯಾಡ್ರಿ, ತಿದ್ದಿಬಿಡ್ತಾಳ. ನಾ ಹೇಳತೇನಿ.”

ಮರುದಿನ ಮುಂಜಾನೆ ಬೆಟಗೇರಿಯ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಮಗಳನ್ನೂ ಕಳಿಸಿದೆವು, ಬೀಗರ ಮುಂದೆ ಮಾನವೂ ಉಳಿಯಿತು ಎನ್ನುತ್ತ, “ಹಾವೂ ಸಾಯಬಾರದು...” ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಕೈ ಹಿಟ್ಟಿನ ಮೇಲೆಯೇ ಇತ್ತು. ನನ್ನ ಕಡೆ ನೋಡುತ್ತ ಕಾದರು.

“ಮೊಸರೂ ಚೆಲ್ಲಬಾರದು,” ಎಂದೆ.

“ಹಾಂ, ಈಗ ಸರಿಯಾತು ನೋಡು,” ಎಂದು ಅತ್ತೆ ರೊಟ್ಟಿ ಬಡಿಯತೊಡಗಿದರು.