‘ಬ್ಯಾಡ್ರಿ’ ಎಂದರೆ ಬ್ಯಾಟರಿ ಅಲ್ಲ, ಸಾಹೇಬರೇ!

ಬೆಳಗಿನ ಆರೂವರೆ. ಮೂಡಲಗಿ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಸಿಪಾಯಿ ಆಮ್ರಪಾಲಿ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಿದ್ದಾರೆ. ಧೂಳು ಹಾರುತ್ತದೆ, ಬೈಗುಳವೂ. “ಹದಿನಾರು ವರ್ಷದ ಮಷೀನ್ರಿ ಇವು. ಇವತ್ತಿಗೂ ಕೆಮ್ಮಲಾರದ ಚಾಲೂ ಆಗ್ತಾವು. ಸತ್ತಾವು ಅಂತ ಬರದಾನಲ್ರಿ ಆ ಸಾಹೇಬ!”

ಸೋಮವಾರ ಈ ಒಂಬತ್ತೂ ಕಂಪ್ಯೂಟರುಗಳನ್ನು ಒಯ್ಯಲು ಗುಜರಿ ಗಾಡಿ ಬರಲಿದೆ. ವಾರಕ್ಕೆ ನೂರಾ ನಲವತ್ತು ಮಕ್ಕಳು ಇವುಗಳ ಮುಂದೆ ಸರದಿಯಲ್ಲಿ ಕೂರುತ್ತಾರೆ. ಬದಲಿಗೆ ಬೇರೆ ಬರುವ ಮಾತೇ ಇಲ್ಲ.

ನಲವತ್ತಾರರ ಆಮ್ರಪಾಲಿಗೆ ಈ ಹುಚ್ಚು ಹತ್ತಿದ್ದು ಹರೆಯದಲ್ಲಿ, ಗೋಕಾಕದ ಟೈಪಿಂಗ್ ಕ್ಲಾಸಿನಲ್ಲಿ ಕಸ ಗುಡಿಸುವಾಗ. ಮೊದಲು ಕಂಡದ್ದು ಡಾಸ್‌ನ ಕರಿಪರದೆ. “ಕರೇ ಹಲಗಿ, ಬಿಳೇ ಅಕ್ಷರ. ನಮ್ಮ ಸಾಲಿಗಿಂತ ಚಲೋ, ಹೊಡಿಯೂ ಮಾಸ್ತರ ಇರಲಿಲ್ಲ.” ಆಮೇಲೆ ವಿಂಡೋಸ್ 98, ಎಕ್ಸ್‌ಪಿ, ಸೆವೆನ್. ಸ್ವಂತದ್ದೊಂದು ಕಂಪ್ಯೂಟರ್ ಇಲ್ಲ. ಭಾನುವಾರ ಹುಕ್ಕೇರಿಯ ಅಂಗಡಿಯೊಂದರಲ್ಲಿ ಪುಕ್ಕಟೆ ರಿಪೇರಿ ಮಾಡಿಕೊಟ್ಟೇ ಕೈ ಪಳಗಿಸಿಕೊಂಡವರು. ಹೊಸ ವಿಂಡೋಸ್ ಶಾಲೆಯ ಹಳೆಯ ಯಂತ್ರಗಳಲ್ಲಿ ಕೂರಲೊಲ್ಲದಾದಾಗ ಸಿಟ್ಟು ನೆತ್ತಿಗೇರಿತು. “ಕಿಟಕಿ ಬದಲ ಮಾಡಾಕ ಮನೀನ ಕೆಡವು ಅಂದ್ರ ಹ್ಯಾಂಗ್ರಿ?”

ಆ ಸಿಟ್ಟೇ ಅವರನ್ನು ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್‌ಗೆ ತಂದಿತು. ಅದು ಪುಕ್ಕಟೆ, ಹಳೆಯ ಯಂತ್ರಕ್ಕೂ ಒಗ್ಗುತ್ತದೆ, ಬೇಕಾದಂತೆ ತಿದ್ದಿಕೊಳ್ಳಲೂಬಹುದು. ನಾಲ್ಕು ಬಗೆಯ ಲಿನಕ್ಸ್ ಹಾಕಿ ತೆಗೆದ ಮೇಲೆ, ಐದನೆಯದಕ್ಕೆ ಒಂಬತ್ತೂ ಕಣ್ಣು ಬಿಟ್ಟವು.

ತಿದ್ದಿದ್ದೇ ತಪ್ಪಾಯಿತು! ಇಂಗ್ಲಿಷಿಗೆ ಅಂಜುವ ಮಕ್ಕಳಿಗಾಗಿ ಪರದೆಯ ಮೇಲೆ ‘ಓಕೆ’ ಇದ್ದಲ್ಲಿ ‘ಹೂಂರಿ’, ‘ಕ್ಯಾನ್ಸಲ್’ ಇದ್ದಲ್ಲಿ ‘ಬ್ಯಾಡ್ರಿ’ ಎಂದು ಬರೆದರು. ಒಂಬತ್ತನೆಯ ತರಗತಿಯ ಲಕ್ಷ್ಮೀ ನಗುತ್ತಾಳೆ: “ಮೊದಲ ಮೌಸ್ ಮುಟ್ಟಾಕ ಅಂಜಿಕಿ ಬರ್ತಿತ್ರಿ. ಈಗ ಕಂಪ್ಯೂಟರ್ರ ನಮಗ ‘ರಿ’ ಹಚ್ಚಿ ಮಾತಾಡ್ತೈತಿ!”

ಹೋದ ತಿಂಗಳು ತಪಾಸಣೆಗೆ ಬಂದ ಅಧಿಕಾರಿ ಈ ಕಡೆಯವರಲ್ಲ. ಒಂದೇ ಪರದೆಯನ್ನು, ಅದೂ ನಿಂತಲ್ಲಿಂದಲೇ ನೋಡಿದರು. ಆಮ್ರಪಾಲಿ ದನಿಯನ್ನು ಮೂಗಿಗೇರಿಸಿ ಅಣಕಿಸುತ್ತಾರೆ: “‘ಏನಮ್ಮಾ ಇದು? ಬ್ಯಾಟರಿ ಅಂತ ಬರೆಯೋಕೂ ಬರಲ್ವಾ?’” ವರದಿಯಲ್ಲಿ ಒಂಬತ್ತಕ್ಕೂ ಒಂದೇ ಷರಾ: ಬ್ಯಾಟರಿ ದೋಷ, ನಿರುಪಯುಕ್ತ. ಗೋಡೆಯ ವೈರು ಕಿತ್ತರೆ ಆ ಕ್ಷಣವೇ ಆರಿಹೋಗುವ ಯಂತ್ರಗಳಿವು. ಇಲ್ಲದ ಬ್ಯಾಟರಿ ಕೆಡುವುದು ಹೇಗೆ? ಬ್ಯಾಡ್ ಆಗಿರುವುದು ಯಂತ್ರವಲ್ಲ ಸ್ವಾಮಿ, ಓದಿದ ಕಣ್ಣು.

ಮುಖ್ಯಾಧ್ಯಾಪಕ ಸೋಮಶೇಖರ ಅವರಿಗೂ ತಪ್ಪು ಗೊತ್ತು. ಆದರೂ ರುಜು ಹಾಕಿದ್ದಾರೆ. “ಮ್ಯಾಲಿನವರ ಆರ್ಡರ್, ಆಮ್ರಪಾಲಿ. ನಾ ಏನ ಮಾಡ್ಲಿ?”

“‘ಬ್ಯಾಡ್ರಿ’ ಅನ್ರಿ ಸರ್. ಅಷ್ಟ ಸಾಕ.”

ಸರ್ ಚಹಾದ ಲೋಟ ನೋಡುತ್ತಾರೆ.

ಗಾಡಿ ಬಂದರೆ ಏನು ಮಾಡುತ್ತೀರಿ ಎಂದರೆ ಆಮ್ರಪಾಲಿ ದನಿ ಏರಿಸುವುದಿಲ್ಲ. “ಹದಿನೆಂಟು ವರ್ಷ ಈ ಸಾಲಿ ಬಾಗಲಾ ನಾನ ತಗದೇನ್ರಿ. ಮಳಿ ಇರಲಿ, ಜ್ವರ ಇರಲಿ, ಒಂದ ದಿನಾನೂ ತಡಾ ಮಾಡಿಲ್ಲ.” ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಳ್ಳುತ್ತಾರೆ. “ಸೋಮವಾರ ತಡಾ ಆಗ್ತೈತ್ರಿ.”